ತಾಂಡೂರಿನ ವೈಜಿನಾಥ ಮಾಸ್ತರರ ಎಡಗೈ ಗಡಿಯಾರದ ವಿಷಯ

ಠಾಣೆಯ ಅಂಗಳದಲ್ಲಿ ಕುಂತ ದೈವಕ್ಕೂ ನಿಂತ ದೈವಕ್ಕೂ, ಕುರ್ಚಿಯ ಮೇಲಿನ ಅಮೀನ್ ಸಾಹೇಬರಿಗೂ, ಲೇಖನಿ ಹಿಡಿದ ಮುನ್ಶಿಯವರಿಗೂ ಶರಣು ಶರಣಾರ್ಥಿ! ನೆರೆದ ಜನವನ್ನು ದೈವವೆನ್ನುವ ಆಟದ ರೂಢಿಯಂತೆ ಇಷ್ಟು ಹೇಳುವಷ್ಟರಲ್ಲಿ ಅಮೀನ್ ಸಾಹೇಬರು ಮೇಜು ಬಡಿದು, ಇದು ಆಟದ ಕಟ್ಟೆಯಲ್ಲ, ಹೆಸರಿನಿಂದ ಶುರು ಮಾಡು ಎಂದು ಅಪ್ಪಣೆ ಕೊಟ್ಟದ್ದರಿಂದ ಹೆಸರಿನಿಂದ ಶುರು ಮಾಡಿದ್ದೇನೆ.

ನನ್ನ ಹೆಸರು ವೀರಪ್ಪ, ತಂದೆ ಮನ್ಮಥಪ್ಪ, ವಯಸ್ಸು ನಲವತ್ತಾರು, ಉದ್ಯೋಗ ನಾಟಕದ ಕಂಪನಿಯಲ್ಲಿ ರಾಜಪಾತ್ರ ಮತ್ತು ರಾಕ್ಷಸಪಾತ್ರ, ವಾಸ ತಾಂಡೂರು ಸ್ಟೇಷನ್ ಹಿಂದಿನ ಓಣಿ. ಮುನ್ಶಿಯವರು ಉರ್ದುವಿನಲ್ಲಿ ಬರೆದುಕೊಂಡ ಕಾಗದಕ್ಕೆ ಜೋಡಿಸಲು, ಕನ್ನಡದಲ್ಲಿ ನಾನೇ ಬರೆದು ಈ ಮೂಲಕ ತಿಳಿಸುವುದೇನೆಂದರೆ:

ಈ ಊರಿನಲ್ಲಿ ಕೈಗಡಿಯಾರದ ಹುಚ್ಚು ಹಿಡಿದವರು ನಾವು ನಾಲ್ವರು: ನಾನು, ಗಡಿಯಾರ ರಿಪೇರಿಯ ಮಾಣಿಕ, ಬೇಳೆ ವ್ಯಾಪಾರಿ ಶಿವಶಂಕರಪ್ಪ ಸಾಹುಕಾರರು ಮತ್ತು ಶಾಲೆಯ ಮಾಸ್ತರ ವೈಜಿನಾಥ. ಪ್ರತಿ ಶುಕ್ರವಾರ ಹಗಲು ಹನ್ನೊಂದಕ್ಕೆ, ಸ್ಟೇಷನ್ನಿಗೆ ಎಂಬತ್ತು ಹೆಜ್ಜೆ ದೂರದ ಮಾಣಿಕನ ಅಂಗಡಿಯಲ್ಲಿ ಕೆಂಪು ಮಖಮಲ್ಲಿನ ಮೇಲೆ ಗಡಿಯಾರ ಬಿಚ್ಚಿಟ್ಟು, ರೂಪ, ಅಂಕಿ, ಮುಳ್ಳು, ಒಳಗಿನ ಯಂತ್ರ ಹೋಲಿಸಿ, ಸ್ಟೇಷನ್ ಗಡಿಯಾರಕ್ಕೆ ತಾಳೆ ನೋಡಿ, ಯಾವುದು ಗೆದ್ದಿತೆಂದು ತೀರ್ಮಾನಿಸುವುದು ನಮ್ಮ ಪದ್ಧತಿ. ನನ್ನದು ಹಿಂದಿನ ಜರ್ಮನ್ ಯುದ್ಧದ ಸಿಪಾಯಿಯೊಬ್ಬನ ದುಂಡು ಗಡಿಯಾರ. ಕತ್ತಲಲ್ಲಿ ಅದರ ಮುಳ್ಳು ಹಸಿರಾಗಿ ಹೊಳೆಯುತ್ತದೆ. ಸಾಹುಕಾರರದು ಬೊಂಬಾಯಿಯಿಂದ ತರಿಸಿದ ಹೊಸ ಚಿನ್ನದ್ದು. ವೈಜಿನಾಥನದು ಅವನ ತಂದೆಯ ಕಾಲದ ಚೌಕ ಗಡಿಯಾರ: ಬೆಳ್ಳಿಯ ಹೊದಿಕೆ, ಹಾಲಿನಂಥ ಮುಖ, ಸುಟ್ಟು ನೀಲಿ ಮಾಡಿದ ಮುಳ್ಳು, ಏಳರ ಅಂಕಿಯ ಬಳಿ ಕೂದಲೆಳೆಯಂಥ ಸೀಳು.

ಮೂರು ವರ್ಷ ಅದೇ ಗೆದ್ದಿತು. ಸಾಹುಕಾರರು ತಮ್ಮ ಚಿನ್ನದ್ದನ್ನೂ ಮೇಲೊಂದು ಜೋಡಿ ಎತ್ತನ್ನೂ ಕೊಡುತ್ತೇನೆಂದರೂ ಅವನು ಒಪ್ಪಲಿಲ್ಲ. "ಸಾವ್ಕಾರ್ರ, ನಿಮ್ಮ ಘಡಿ ಮದುಮಗಳಂಗ ಅದರಿ. ಚಂದ ಅದ, ಖರೆ ಹೊತ್ತಿಗಿ ಏಳಂಗಿಲ್ಲ!" ಎಂದು ನಕ್ಕುಬಿಟ್ಟಿದ್ದ. ನಾವೂ ನಕ್ಕೆವು. ಸಾಹುಕಾರರು ನಗಲಿಲ್ಲ.

ಸರ್ಕಾರಿ ಲೆಕ್ಕದ ಫಸ್ಲಿ ೧೩೫೩ರ ದೈ ತಿಂಗಳ ೭ನೇ ತಾರೀಖು ವೈಜಿನಾಥ ಜ್ವರದಲ್ಲಿ ತೀರಿಕೊಂಡ. ನಮ್ಮ ಪದ್ಧತಿಯಂತೆ ಸಮಾಧಿಯಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಅದರ ಮೇಲೆ ಬಲಗೈ ಮುಚ್ಚಿದರು. ಗಡಿಯಾರ ತನ್ನ ಜೊತೆಗೇ ಬರಲಿ ಎಂಬುದು ಅವನ ಕಡೆಯ ಮಾತಾಗಿದ್ದರಿಂದ, ಊರೆಲ್ಲ ನೋಡುತ್ತಿರಲು, ಕೀಲಿ ಕೊಟ್ಟು ಆ ಎಡ ಮಣಿಕಟ್ಟಿಗೆ ಕಟ್ಟಿದವನು ನಾನು. ಕುತ್ತಿಗೆಯವರೆಗೆ ಉಪ್ಪು, ವಿಭೂತಿ ತುಂಬಿದರು. ಮೂರು ಬುಟ್ಟಿ ಉಪ್ಪನ್ನು ಸಾಹುಕಾರರೇ ಸುರಿದರು. ಮಣ್ಣು ಮುಚ್ಚಿ, ಮೇಲೆ ನಾಲ್ಕಡಿಯ ಚಪ್ಪಡಿ ಎಳೆದರು. ಅದನ್ನು ಸರಿಸಲು ಇಬ್ಬರು ಬೇಕು.

ಮರುದಿನ ನಾನು ಕಂಪನಿಯ ಜೊತೆ ನಾರಾಯಣಖೇಡಕ್ಕೆ ಹೋದೆ. ಮುಂದಿನ ತಿಂಗಳು, ಬಹಮನ್ ೧೨ರಂದು ಮರಳಿದೆ.

ಬಹಮನ್ ೧೩, ಶುಕ್ರವಾರ, ಅಂದರೆ ನಿನ್ನೆ, ಹನ್ನೊಂದಕ್ಕೆ ಮಾಣಿಕನ ಅಂಗಡಿಗೆ ಹೋದೆ. ಹನ್ನೊಂದು ಐದಕ್ಕೆ ಸಾಹುಕಾರರು ಬಂದು, "ಇವತ್ತ ಯಾರ ಘಡಿ ಗೆಲ್ತದ ನೋಡಮು" ಎನ್ನುತ್ತ ಹೊಸದೊಂದನ್ನು ಮಖಮಲ್ಲಿನ ಮೇಲಿಟ್ಟರು. ಚೌಕ. ಮೇಲೆ ಹೊಸದಾಗಿ ಹಚ್ಚಿದಂತಿದ್ದ ಚಿನ್ನದ ನೀರು, ಹೊಸ ಕಂದು ಪಟ್ಟಿ. ನೀಲಿ ಮುಳ್ಳು. ಏಳರ ಬಳಿ ಕೂದಲೆಳೆಯಂಥ ಸೀಳು.

ದೈವವೇ, ಇಪ್ಪತ್ತೆರಡು ವರ್ಷ ರಾಕ್ಷಸನಾಗಿ ಅಬ್ಬರಿಸಿದ ಗಂಟಲಿದು. ಅಬ್ಬರಿಸುವ ಬದಲು ಆ ಹೊತ್ತು ನಾನು ನನ್ನ ದುಂಡು ಗಡಿಯಾರವನ್ನು ಮಖಮಲ್ಲಿನಿಂದ ಎತ್ತಿ ಜೇಬಿಗಿಟ್ಟುಕೊಂಡೆ.

ಇದನ್ನೆಲ್ಲಿ ತಂದಿರೆಂದು ಮಾಣಿಕ ಕೇಳಿದ. ಹೈದರಾಬಾದಿನಲ್ಲಿ ಸಿಕ್ಕಿತು, ಮಾಸ್ತರನದರ ಜೋಡಿಯಂಥದ್ದು ಎಂದು ಸಾಹುಕಾರರು ಹೇಳಿದರು. "ಸೀಳೂ ಜೋಡಿ ಆತೇನ್ರಿ?" ಎಂದ ಮಾಣಿಕ. "ಒಂದs ಕಾರ್ಖಾನಿ ಮಾಲು, ಒಂದs ಕಡಿ ಸೀಳ್ತದ. ನೀ ಬೆನ್ನ ತಗಿ, ಹರಳೆಷ್ಟವ ಎಣಸು" ಎಂದರು ಸಾಹುಕಾರರು. ಒಳಗಿನ ಯಂತ್ರವನ್ನು ಹೋಲಿಸದೆ ನಮ್ಮಲ್ಲಿ ಯಾವ ಗಡಿಯಾರವೂ ಗೆದ್ದದ್ದಿಲ್ಲ. ಗೆಲ್ಲುವ ಆಸೆಗೆ ಅವರೇ ತೆರೆಸಿದರು.

ಮಾಣಿಕ ಬೆನ್ನಿನ ಮುಚ್ಚಳ ಎಬ್ಬಿಸಿದ. ಕೆಂಪು ಮಖಮಲ್ಲಿನ ಮೇಲೆ ಚಿಟಿಕೆಯಷ್ಟು ಬಿಳಿ ಪುಡಿ ಉದುರಿತು. ಕೀಲಿಯ ಕಡ್ಡಿಗೆ ತುಕ್ಕು ಹತ್ತಿತ್ತು. ಮಾಣಿಕ ಪುಡಿಗೆ ಬೆರಳು ಒತ್ತಿ ನಾಲಗೆಗೆ ಇಟ್ಟುಕೊಂಡ. "ಉಪ್ಪು" ಎಂದ. ಮುಚ್ಚಳದ ಒಳಮೈಯನ್ನು ನನ್ನ ಕಡೆ ತಿರುಗಿಸಿದ. ರಿಪೇರಿ ಮಾಡಿದಾಗಲೆಲ್ಲ ಅವನು ಸೂಜಿಯಿಂದ ಗೀರುವ ತ್ರಿಶೂಲದ ಗುರುತು ಅಲ್ಲಿ ಎರಡಿತ್ತು; ವೈಜಿನಾಥನ ಗಡಿಯಾರ ರಿಪೇರಿಗೆ ಬಂದದ್ದೂ ಎರಡೇ ಸಲ.

ನನ್ನ ಕಣ್ಣ ಮುಂದೆ ಒಂದೇ ಚಿತ್ರ. ಆ ಮಣಿಕಟ್ಟಿನಿಂದ ಪಟ್ಟಿ ಬಿಚ್ಚಬೇಕಾದರೆ ಮೊದಲು ಬಲಗೈ ಎತ್ತಬೇಕು. ಎಡಗೈ ಹೊರಳಿಸಬೇಕು. ಹೊರಳಿಸಿದರೆ ಅಂಗೈಯಲ್ಲಿದ್ದ ಲಿಂಗ?

ಸಾಹುಕಾರರು ಅವಸರ ಮಾಡಲಿಲ್ಲ. ಪುಡಿಯನ್ನು ಊದಿ ಹಾರಿಸಿ, ಮುಚ್ಚಳ ಒತ್ತಿ, ಗಡಿಯಾರ ಕಟ್ಟಿಕೊಂಡು ಹನ್ನೊಂದೂವರೆಗೆ ಹೋದರು.

ಸಂಜೆ ಐದಕ್ಕೆ ಅವರು ನನ್ನ ಮನೆಗೇ ಬಂದರು. ತಂಬಿಗೆ ನೀರು ಕೇಳಿ ಕುಡಿದರು. "ವೀರಪ್ಪ, ಸಮಾಧ್ಯಾಗ ಘಡಿ ಕಟ್ಟಿದಾಂವ ಯಾರೋ? ನೀನs. ಊರs ನೋಡ್ಯಾದ. ನಾಳಿ ಘಡಿ ಹೊರಗ ಬಂತಂದ್ರ ಯಾರ ಕೈ ಹಿಡೀತಾರ? ನನ್ನ ಕೈಯಂತೂ ಅಲ್ಲ. ನೀನs ತಂದು ಮಾರಿದಿ ಅಂತೀನಿ." ನಾನು ಒಂದೇ ಮಾತು ಕೇಳಿದೆ: "ಸಾವ್ಕಾರ್ರ, ಲಿಂಗ ಎಲ್ಲಿ ಇಟ್ರಿ?" ಅವರು ತಂಬಿಗೆಯನ್ನು ಬೋರಲು ಹಾಕಿ ಎದ್ದರು. ಅವರು ಹೋದ ಮೇಲೂ ಅವರ ಇಬ್ಬರು ಆಳುಗಳು ನನ್ನ ಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ಚಪ್ಪಡಿ ಸರಿಸಲು ಇಬ್ಬರು ಬೇಕೆಂದು ಮೇಲೆ ಬರೆದಿದ್ದೇನೆ.

ಇಂದು ಬೆಳಿಗ್ಗೆ ಏಳಕ್ಕೆ ಮಾಣಿಕನ ಅಂಗಡಿಗೆ ಬೀಗ. ಅವನ ಹೆಂಡತಿ ಮೋನಮ್ಮ ಬಾಗಿಲು ಅರ್ಧ ತೆರೆದು, "ಮನೂರಿಗಿ ಹೋಗ್ಯಾರ್ರಿ, ಬರೂದು ಗೊತ್ತಿಲ್ಲ. ನೀವೂ ಎಲ್ಲರೆ ಹೋಗ್ರಿ ಅಣ್ಣಾ" ಎಂದಳು.

ನಾನು ಹೋದದ್ದು ವೈಜಿನಾಥನ ಹೆಂಡತಿ ಉಮಾಬಾಯಿಯವರ ಮನೆಗೆ. ನಡೆದದ್ದೆಲ್ಲ ಹೇಳಿದೆ. ಅತ್ತಾರೆಂದುಕೊಂಡಿದ್ದೆ, ಅಳಲಿಲ್ಲ. ತಮ್ಮ ಎಡ ಅಂಗೈಯನ್ನೇ ನೋಡಿದರು. "ಘಡಿ ಹೋದ್ರ ಹೋಗ್ಲಿ ಅಣ್ಣಾ. ಅವರ ಕೈಯಾಗ ಲಿಂಗ ಅದನೋ ಇಲ್ಲೋ, ಅಷ್ಟು ನೋಡಿ ಬಂದು ಹೇಳು" ಎಂದರು. ಹತ್ತು ಗಂಟೆಗೆ ಈ ಠಾಣೆಗೆ ಬಂದೆ. ಬರುವಾಗ ಆ ಆಳುಗಳು ಮಸೀದಿಯ ತಿರುವಿನವರೆಗೆ ನನ್ನ ಹಿಂದೆಯೇ ಇದ್ದರು.

ಇಲ್ಲಿ ಹೇಳಿದ್ದರಲ್ಲಿ ಬಣ್ಣ ಹಚ್ಚಿದ ಮಾತು ಒಂದೂ ಇಲ್ಲ. ಉರ್ದು ಕಾಗದವನ್ನು ಮುನ್ಶಿಯವರು ಓದಿ ಹೇಳಿದರು, ಕೇಳಿ ಒಪ್ಪಿ ರುಜು ಮಾಡಿದ್ದೇನೆ.

ಸ್ಥಳ: ತಾಂಡೂರು ಠಾಣೆ
ತಾರೀಖು: ೧೪ ಬಹಮನ್ ೧೩೫೩ ಫಸ್ಲಿ
(ರುಜು) ವೀರಪ್ಪ

ರುಜುವಿನ ಕೆಳಗೆ ಸೇರಿಸಿದ್ದು: ಸಮಾಧಿ ತೆರೆಯಲು ಅಮೀನ್ ಸಾಹೇಬರು ಒಪ್ಪಿದ್ದಾರೆ. ಆದರೆ ಒಳಗೆ ಕೈ ಹಾಕಲು ಊರಿನಲ್ಲಿ ಯಾರೂ ಮುಂದೆ ಬಂದಿಲ್ಲ. ನನಗೂ ಭಯ ಇದೆ. ನಾಳೆ ಭಾನುವಾರ ಬೆಳಿಗ್ಗೆ ಆರಕ್ಕೆ ಸ್ನಾನ ಮಾಡಿ, ವಿಭೂತಿ ಧರಿಸಿ, ಪಂಚರ ಎದುರು ಚಪ್ಪಡಿ ಸರಿಸಿ ನಾನೇ ಇಳಿಯುತ್ತೇನೆ. ಉಪ್ಪಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ವೈಜಿನಾಥನ ಎಡ ಅಂಗೈಯನ್ನು ಹುಡುಕುತ್ತೇನೆ. ಲಿಂಗ ಅದರಲ್ಲಿದ್ದರೆ ಅವನ ಬಲಗೈಯನ್ನು ಮತ್ತೆ ಅದರ ಮೇಲೆ ಮುಚ್ಚುತ್ತೇನೆ. ಜಾರಿ ಬಿದ್ದಿದ್ದರೆ, ಸಿಗುವವರೆಗೂ ಮೇಲೆ ಬರುವುದಿಲ್ಲ.