ಹಿಂಭಾರದ ಟ್ರೈಲರ್

ಅಮೆರಿಕದ ಬಿಗ್‌ಹಾರ್ನ್ ಬೆಟ್ಟದ ಪ್ರವಾಸಿ ಬಿಡಾರದಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಬಿಡಾರ ನೋಡಿಕೊಳ್ಳುವ ಮುದುಕ ವೆಂಡೆಲ್, ಪೀಚ್ ಹಣ್ಣಿನ ಸಿಹಿಯ ಆಸೆ ತೋರಿಸಿ, ಟ್ರೆಂಟ್ ಮತ್ತವನ ಹೆಂಡತಿ ಮಕ್ಕಳನ್ನು ತನ್ನ ಟಾರ್ಪಾಲಿನ ಕೆಳಗೆ ಕೂರಿಸಿಕೊಂಡಿದ್ದ. ಮಳೆ ನಿಂತರೆ ಹೊರಡುವವರು ಅವರು; ಎಸ್‌ಯುವಿ ಕಾರಿನ ಹಿಂದೆ ವಸತಿ ಟ್ರೈಲರ್ ಸಿಕ್ಕಿಸಿಯೂ ಆಗಿತ್ತು. ಟೈರು, ದೀಪ, ಸರಪಳಿ ಎಲ್ಲ ನೋಡಿದ್ದೇನೆ ಎಂದು ಟ್ರೆಂಟ್ ಎರಡು ಸಲ ಹೇಳಿದ್ದ. ವೆಂಡೆಲ್‌ನ ಕಣ್ಣು ಮಾತ್ರ ಮಳೆಯಾಚೆ ಆ ಟ್ರೈಲರಿನ ಪಕ್ಕದಲ್ಲೇ ನೆಟ್ಟಿತ್ತು. ಹೇಳದೆ ಗತ್ಯಂತರವಿಲ್ಲ ಎಂದುಕೊಂಡು ಅವನು ಬಟ್ಟಲು ಕೆಳಗಿಟ್ಟ.

"ಕೇಳಿ... ಹನ್ನೊಂದು ವರ್ಷದ ಹಿಂದೆ ನಿಮ್ಮ ಹಾಗೇ ಒಂದು ಸಂಸಾರ ಇಲ್ಲಿ ಇಳ್ಕೊಂಡಿತ್ತು. ಗ್ಯಾರೆಟ್ ಅಂತ, ನಗುಮುಖದ ಹುಡುಗ. ಹೆಂಡ್ತಿ, ಒಬ್ಬಳು ಮಗಳು. ಟ್ರೈಲರನ್ನ ಹಿಂದಕ್ಕೆ ತಗೊಂಡು ನಿಲ್ಸಕ್ಕೆ ಒದ್ದಾಡ್ತಿದ್ದ ಅಂತ ನಾನು ಹೇಳ್ಕೊಡಕ್ಕೆ ಹೋದ್ರೆ, 'ಕುದುರೆ ಗಾಡಿ ಕಾಲ ಹೋಯ್ತು ಬಿಡಿ ತಾತ' ಅಂದ್ಬಿಟ್ಟ. ಸುತ್ತ ಕೂತಿದ್ದೋರೆಲ್ಲ ನಕ್ರು. ನಲವತ್ತು ವರ್ಷ ಲಾರಿ ಓಡಿಸಿದೋನು ನಾನು... ಮೈಯೆಲ್ಲ ಉರೀತು.

"ಮಾರನೇ ದಿನ ಹೊರಟ. ನೋಡ್ತೀನಿ, ಮೂರು ಸೈಕಲ್ಲು, ಜನರೇಟರು, ನೀರಿನ ಡ್ರಮ್ಮು ಎಲ್ಲ ಟ್ರೈಲರಿನ ಬೆನ್ನಿಗೆ ಬಿಗಿದಿದ್ದಾನೆ. ಮೂತಿ ಮೇಲಕ್ಕೆ ಎದ್ದಿದೆ. ಭಾರ ಚಕ್ರಕ್ಕಿಂತ ಮುಂದೆ ಇರ್ಬೇಕು. ಹಿಂದೆ ಬಿದ್ರೆ ಇಳಿಜಾರಲ್ಲಿ ಬಾಲ ಅಲ್ಲಾಡಕ್ಕೆ ಶುರುವಾಗಿ ಕಾರನ್ನೂ ಎಳ್ಕೊಂಡು ಹೋಗುತ್ತೆ... ನಂಗೆ ಗೊತ್ತಿರ್ಲಿಲ್ವಾ? ಚೆನ್ನಾಗಿ ಗೊತ್ತಿತ್ತು. ಕಾಫಿ ಲೋಟ ಹಿಡ್ಕೊಂಡು ಸುಮ್ನೆ ನಿಂತಿದ್ದೆ. ಅವನು ಕೈ ಬೀಸ್ದ. ನಾನೂ ಬೀಸ್ದೆ.

"ಘಾಟಿಯ ಮೂರನೇ ತಿರುವು... ಟ್ರೈಲರ್ ಅಲ್ಲಾಡಿದೆ, ಗಾಬರೀಲಿ ಕಾರಿನ ಬ್ರೇಕ್ ತುಳಿದಿದ್ದಾನೆ. ತುಳೀಬಾರ್ದು, ಆ್ಯಕ್ಸಿಲರೇಟರ್ ಬಿಟ್ಟು, ಸ್ಟಿಯರಿಂಗ್ ಹತ್ರ ಇರೋ ಟ್ರೈಲರ್ ಬ್ರೇಕನ್ನ ಕೈಯಲ್ಲಿ ಮೆಲ್ಲಗೆ ಹಿಡೀಬೇಕು. ಅವನಿಗೆ ಹೇಳಿದೋರು ಯಾರು? ಹೆಂಡ್ತಿ, ಮಗಳು ಮಾತ್ರ ಉಳಿದ್ರು. ಒಂದು ವಾರಕ್ಕೆ ಅವಳು ಹುಡುಕ್ಕೊಂಡು ಬಂದು, 'ನೀವು ಇಲ್ಲೇ ನಿಂತಿದ್ರಲ್ಲ, ಏನಾದ್ರೂ ತಪ್ಪು ಕಾಣಿಸ್ತಾ?' ಅಂತ ಕೇಳಿದ್ಲು. ಇಲ್ಲಮ್ಮ ಅಂದೆ."

ಅಷ್ಟು ಸಣ್ಣ ಸಿಟ್ಟಿಗೆ ಒಂದು ಜೀವ ಬಲಿ ಕೊಟ್ಟೆನಲ್ಲ, ಆಮೇಲೆ ಅವಳಿಗೂ ಸುಳ್ಳು ಹೇಳಿದೆನಲ್ಲ ಎಂಬ ಸಂಕಟ ಇವತ್ತಿಗೂ ವೆಂಡೆಲ್‌ನನ್ನು ಬಿಟ್ಟಿರಲಿಲ್ಲ.

"ಆಮೇಲಿಂದ ಗ್ಯಾರೆಟ್ ಬರ್ತಾನೆ... ಎಲ್ಲರ ಹತ್ರ ಅಲ್ಲ. ಭಾರ ಹಿಂದೆ ಬಿದ್ದಿರೋ ಟ್ರೈಲರ್ ಪಕ್ಕದಲ್ಲಿ ಮಾತ್ರ ನಿಲ್ತಾನೆ, ನಾನು ನಿಂತಿದ್ದ ಹಾಗೇ ಲೋಟ ಹಿಡ್ಕೊಂಡು. ಟ್ರೈಲರ್ ಕಡೆ ನೋಡಲ್ಲ. ನನ್ನನ್ನೇ ನೋಡ್ತಾನೆ, ಈ ಸಲ ಬಾಯಿ ಬಿಡ್ತೀನೋ ಇಲ್ವೋ ಅಂತ. ಭಾರ ತೆಗೆದು ಮುಂದೆ ಹಾಕೋವರೆಗೂ ಕದಲಲ್ಲ."

ಮಳೆ ನಿಂತಿತ್ತು. ಟ್ರೆಂಟ್ ನಗುತ್ತಾ, ಮಕ್ಕಳನ್ನು ಹೆದರಿಸಬೇಡಿ ಎನ್ನುತ್ತಾ ಕಾರಿನ ಕೀಲಿ ಕೈಗೆ ತೆಗೆದುಕೊಂಡ.

"ನಗಪ್ಪ, ನಂಗೇನೂ ಬೇಜಾರಿಲ್ಲ," ಎಂದ ವೆಂಡೆಲ್, ಟ್ರೈಲರಿನ ಕಡೆಯಿಂದ ಕಣ್ಣು ಕೀಳದೆ. "ನಾನಂತೂ ಹೇಳ್ದೆ. ಆದ್ರೆ ನಿಮ್ಮ ಟ್ರೈಲರ್ ಪಕ್ಕದಿಂದ ಅವನು ಇನ್ನೂ ಹೋಗಿಲ್ಲ..."