ಸವಾರರ ಕೋರಿಕೆಯ ಮೇರೆಗೆ

ಅಧ್ಯಕ್ಷ ಸ್ಥಾನದಲ್ಲಿರುವ ಹಿರಿಯರೇ, ಈಗಷ್ಟೇ ಮಾತು ಮುಗಿಸಿ ನೀರು ಕುಡಿಯುತ್ತಿರುವ ಮನರಂಜನಾ ಉದ್ಯಾನದ ವ್ಯವಸ್ಥಾಪಕರೇ, ಹೊಸ ಬಂಡಿಯ ನಕ್ಷೆ ಸುತ್ತಿ ತೊಡೆಯ ಮೇಲಿಟ್ಟುಕೊಂಡಿರುವ ಎಂಜಿನಿಯರ್ ಸಾಹೇಬರೇ, ನಮ್ಮ ನಿಂತವರ ಬಳಗದ ಅಕ್ಕಂದಿರೇ, ಅಣ್ಣಂದಿರೇ, ಮತ್ತು ತಿಂಡಿ ಯಾವಾಗ ಎಂದು ಗೋಡೆ ಗಡಿಯಾರ ನೋಡುತ್ತಿರುವ ಸಭಿಕರೇ,

ಎಲ್ಲರಿಗೂ ವಂದಿಸಿ ನನ್ನ ಎರಡು ಮಾತು ಶುರು ಮಾಡುತ್ತೇನೆ. ಎರಡು ಮಾತು ಎಂದವರು ಎರಡಕ್ಕೇ ನಿಲ್ಲಿಸಿದ್ದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನೂ ಕಂಡಿಲ್ಲ.

ನನಗೆ ಓದಲು ಒಂದು ಚೀಟಿ ಕೊಟ್ಟಿದ್ದಾರೆ. ಕಚೇರಿಯಲ್ಲೇ ಟೈಪ್ ಮಾಡಿಸಿದ್ದು. "ಇಪ್ಪತ್ತೆರಡು ವರ್ಷ ನಮ್ಮನ್ನು ರಂಜಿಸಿದ ರೋಲರ್ ಕೋಸ್ಟರ್ ಬಂಡಿಗೆ ಪ್ರೀತಿಯ ವಿದಾಯ, ಹೊಸ ಬಂಡಿಗೆ ಹೃತ್ಪೂರ್ವಕ ಸ್ವಾಗತ" ಎಂದು ಶುರುವಾಗುತ್ತದೆ. ಚೆನ್ನಾಗಿದೆ. ಕಾಗುಣಿತದ ತಪ್ಪೂ ಇಲ್ಲ. ಸತ್ಯ ಹೇಳುತ್ತೇನೆ, ಅದನ್ನು ಓದಿ ಕೂತುಬಿಡೋಣ ಎಂದೇ ಬಂದಿದ್ದೆ. ಬೆಳಿಗ್ಗೆ ಕನ್ನಡಿ ಮುಂದೆ ಎರಡು ಸಲ ಓದಿಕೊಂಡೂ ಇದ್ದೆ. ಆದರೆ ವ್ಯವಸ್ಥಾಪಕರು ಈಗ ತಮ್ಮ ಭಾಷಣದಲ್ಲಿ ಒಂದು ಸಾಲು ಓದಿದರಲ್ಲ, ಅದನ್ನು ಕೇಳಿದ ಮೇಲೆ ಈ ಚೀಟಿ ಓದಲು ನನ್ನ ನಾಲಿಗೆ ಏಳುತ್ತಿಲ್ಲ.

ಏನು ಓದಿದರು? ಉದ್ಯಾನದವರು ಹೋದ ವರ್ಷ ಹಂಚಿದ ಅಭಿಪ್ರಾಯದ ನಮೂನೆಗಳಲ್ಲಿ ಸವಾರರೇ ಬರೆದದ್ದು ಎಂದು ಮೂರು ಸಾಲು ಓದಿದರು. ಮೂರನೆಯದು ಹೀಗಿತ್ತು: "ಕೊಂದೇಬಿಡ್ತು. ಮಂಡಿ ಎರಡೂ ಹೋದವು. ಎರಡು ದಿನ ಮೆಟ್ಟಿಲು ಇಳಿಯೋಕಾಗಲ್ಲ." ನೀವೆಲ್ಲ ಅಯ್ಯೋ ಪಾಪ ಎಂದಿರಿ. ಮುಂದಿನ ಸಾಲಿನ ಹಿರಿಯರೊಬ್ಬರು ತಲೆ ಬೇರೆ ಆಡಿಸಿದರು. ಆಮೇಲೆ ವ್ಯವಸ್ಥಾಪಕರು ಕನ್ನಡಕ ತೆಗೆದು, "ಇಂಥ ನೋವನ್ನು ಕೇಳಿಯೂ ಸುಮ್ಮನಿರಲು ನಾವು ಕಲ್ಲಲ್ಲ. ಸವಾರರ ಕೋರಿಕೆಯ ಮೇರೆಗೇ ನಿಂತುಕೊಂಡು ಹೋಗುವ ಬಂಡಿಯನ್ನು ಕೂತು ಹೋಗುವ ಬಂಡಿಯಾಗಿ ಬದಲಿಸುತ್ತಿದ್ದೇವೆ" ಎಂದರು. ಚಪ್ಪಾಳೆ ಬಿತ್ತು.

ಸಭಿಕರೇ, ಆ ಸಾಲು ಬರೆದವಳು ನಾನು.

ಗುಸುಗುಸು ಬೇಡ, ಪೂರ್ತಿ ಕೇಳಿ. ನಾನು ಬರೆದದ್ದು ದೂರಲ್ಲ, ಹೊಗಳಿಕೆ! ನಮ್ಮ ಬಳಗದವರನ್ನು ಯಾರನ್ನಾದರೂ ಕೇಳಿ. ನಿಂತಬಂಡಿಯಿಂದ ಇಳಿದವನು "ಚೆನ್ನಾಗಿತ್ತು" ಎಂದರೆ ಅವನಿಗೆ ಅದು ಹಿಡಿಸಲಿಲ್ಲ ಎಂದರ್ಥ. "ಪರವಾಗಿಲ್ಲ" ಎಂದರೆ ಮತ್ತೆ ಬರುವುದಿಲ್ಲ ಎಂದರ್ಥ. "ಕೊಂದುಬಿಡ್ತು ಕಣಯ್ಯಾ" ಎಂದು ಕುಂಟಿಕೊಂಡು ಬಂದರೆ, ಅವನು ಆಗಲೇ ಮತ್ತೆ ಸಾಲಿನ ಕೊನೆಗೆ ಹೊರಟಿದ್ದಾನೆ ಎಂದರ್ಥ. ನಮ್ಮ ನರ್ಸಮ್ಮ ಇದ್ದಾರೆ, ಅಗೋ ಎರಡನೇ ಸಾಲಿನಲ್ಲಿ. ಅವರು ಬರೆದದ್ದು, "ಕತ್ತು ಕಿತ್ತು ಕೈಗೆ ಬಂತು." ಕ್ಷೌರದಂಗಡಿಯ ಅಣ್ಣ ಬರೆದದ್ದು, "ನನ್ನ ಹೆಂಡತಿಗೆ ಹೇಳಿ, ನಾನು ಬದುಕಿಲ್ಲ." ಇದನ್ನು ಓದಿ ನೀವು ಆಂಬುಲೆನ್ಸ್ ಕಳಿಸುತ್ತೀರಾ ಸ್ವಾಮಿ? ಊಟ ಮಾಡಿ ಎದ್ದವನು ಹೊಟ್ಟೆ ಒಡೆಯುತ್ತೆ ಎಂದರೆ ಹೊಲಿಗೆ ಹಾಕಲು ಸೂಜಿ ತರುತ್ತೀರಾ?

ನಿಂತಬಂಡಿ ಹತ್ತದವರಿಗೆ ಸ್ವಲ್ಪ ಹೇಳಬೇಕು. ಅದರಲ್ಲಿ ಆಸನ ಇಲ್ಲ. ಸೈಕಲ್ ಸೀಟಿನಂಥ ಒಂದು ಸಣ್ಣ ದಿಂಡು, ಹೆಗಲು ಅದುಮಿ ಹಿಡಿಯುವ ಎರಡು ಕಬ್ಬಿಣದ ತೋಳು, ಅಷ್ಟೇ. ನಿಮ್ಮ ಎತ್ತರಕ್ಕೆ ತಕ್ಕಂತೆ ದಿಂಡನ್ನು ಏರಿಸಿ ಬೀಗ ಹಾಕುತ್ತಾರೆ. ಬೀಗ ಬೀಳುವ ಗಳಿಗೆಯಲ್ಲಿ ಮಂಡಿ ಚೂರು ಸಡಿಲ ಬಿಟ್ಟಿರಬೇಕು. ಹೊಸಬರು ಸೈನಿಕರ ಥರ ನೆಟ್ಟಗೆ ನಿಂತಿರುತ್ತಾರೆ, ಆಮೇಲೆ ಪೂರ್ತಿ ಸುತ್ತು ತುದಿಗಾಲಲ್ಲಿ ಅನುಭವಿಸುತ್ತಾರೆ. ಬಂಡಿ ಎತ್ತರದಿಂದ ಬಿದ್ದು, ವೃತ್ತದಲ್ಲಿ ಪೂರ್ತಿ ತಲೆಕೆಳಗಾಗಿ, ಮತ್ತೆ ಕೆಳಗೆ ಬರುವಾಗ ಮೈಯ ಭಾರವೆಲ್ಲ ಪಾದಕ್ಕೆ ಇಳಿಯುತ್ತದೆ. ಆಗ ನೀವು ಒಬ್ಬರಲ್ಲ, ನಾಲ್ಕು ಜನ ಆಗಿರುತ್ತೀರಿ, ಆ ನಾಲ್ವರನ್ನೂ ನಿಮ್ಮ ಎರಡೇ ಕಾಲು ಹೊತ್ತು ನಿಂತಿರುತ್ತವೆ. ಆ ಮೂರು ಸೆಕೆಂಡಿಗಾಗಿ ನಾವು ಇಷ್ಟು ವರ್ಷ ಬಂದದ್ದು.

ನಮ್ಮ ಬಳಗದಲ್ಲಿ ಯಾರ್‍ಯಾರಿದ್ದಾರೆ ನೋಡಿ. ನರ್ಸು, ಕ್ಷೌರಿಕರು, ಟ್ರಾಫಿಕ್ ಪೊಲೀಸರು ಇಬ್ಬರು, ಲೇತ್ ನಡೆಸುವವರು, ಶಾಲೆಯ ಮೇಡಂ, ಬಟ್ಟೆಯಂಗಡಿಯ ನಾನು. ಎಲ್ಲರೂ ದಿನವಿಡೀ ನಿಂತು ದುಡಿಯುವವರೇ. ನನ್ನ ತಂಗಿ ಕೇಳುತ್ತಿದ್ದಳು, "ಆರು ದಿನ ನಿಂತಿರ್ತೀಯ, ಏಳನೇ ದಿನ ಟಿಕೆಟ್ ತಗೊಂಡು ನಿಲ್ಲೋಕೆ ಹೋಗ್ತೀಯಲ್ಲ, ತಲೆ ಕೆಟ್ಟಿದೆಯಾ?" ಕೆಟ್ಟಿಲ್ಲ ಕಣೇ. ಆರು ದಿನ ಬೇರೆಯವರಿಗಾಗಿ ನಿಲ್ಲುತ್ತೇನೆ. ಅದೊಂದು ದಿನ ನನಗೆ ನಾನು ನಿಲ್ಲುತ್ತೇನೆ. ಇಷ್ಟು ಸರಳ.

ಬಟ್ಟೆಯಂಗಡಿ ಎಂದೆನಲ್ಲ, ಇಪ್ಪತ್ನಾಲ್ಕು ವರ್ಷ ಒಂದೇ ಕೌಂಟರ್. ಪರದೆ ಬಟ್ಟೆ, ಹಾಸಿಗೆ ಹೊದಿಕೆ. ಗಿರಾಕಿ ಇಲ್ಲದಾಗಲೂ ನಾವು ಕೂರುವಂತಿಲ್ಲ, ಬಾಗಿಲಿನಿಂದ ನೋಡಿದವರಿಗೆ ಸೋಮಾರಿಗಳ ಅಂಗಡಿ ಎನಿಸುತ್ತದಂತೆ. ಮೂರು ಸಲ ಸ್ಟೂಲು ಕೇಳಿದ್ದೇನೆ. ಮೊದಲನೇ ಸಲ ಯಜಮಾನರು, "ನೀವು ಕೂತರೆ ಥಾನು ಯಾರಮ್ಮ ಎಳೀತಾರೆ, ನಾನಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡನೇ ಸಲ ನಾನೇ ನಗುನಗುತ್ತಾ ಕೇಳಿದೆ, "ಸಾರ್, ಕಾಲು ಬಿದ್ದುಹೋದರೆ ಎತ್ತಿಡೋಕಾದರೂ ಒಂದು ಸ್ಟೂಲು ಕೊಡಿ" ಅಂತ. ಇನ್ನೂ ಜೋರಾಗಿ ನಕ್ಕರು. ಮೂರನೇ ಸಲದ ಹೊತ್ತಿಗೆ ಅಂಗಡಿಯಲ್ಲಿ ನನ್ನ ಹೆಸರೇ ಸ್ಟೂಲಕ್ಕ ಎಂದಾಗಿತ್ತು. ಕಾಲು ನೋವು ಅಂತ ನೇರವಾಗಿ ಹೇಳಿದವಳು ಕೆಲಸಗಳ್ಳಿ, ತಮಾಷೆಯಾಗಿ ಹೇಳಿದವಳು ಒಳ್ಳೆಯ ಹುಡುಗಿ. ಹಾಗಾಗಿ ಎಲ್ಲವನ್ನೂ ತಮಾಷೆಯಲ್ಲೇ ಹೇಳುವುದನ್ನು ಕಲಿತೆ. ಅಭ್ಯಾಸವಾಗಿ ಹೋಯಿತು.

ವಿಷಯ ಎಲ್ಲಿಗೋ ಹೋಯಿತು, ಕ್ಷಮಿಸಿ.

ಅದೇ ಅಂಗಡಿಯವರು ಹತ್ತೊಂಬತ್ತು ವರ್ಷದ ಹಿಂದೆ ನಮ್ಮನ್ನೆಲ್ಲ ಈ ಉದ್ಯಾನಕ್ಕೆ ಕರೆದುಕೊಂಡು ಬಂದಿದ್ದರು. ಅವತ್ತು ನಿಂತಬಂಡಿಯಲ್ಲಿ ದಿಂಡು ಸರಿಮಾಡುತ್ತಿದ್ದ ಆಪರೇಟರ್ ನನ್ನ ಹತ್ತಿರ ಬಂದು, "ಅಕ್ಕ, ಮಂಡಿ ಸ್ವಲ್ಪ ಸಡಿಲ ಬಿಡಿ" ಎಂದರು. ನಾನು ನೆಟ್ಟಗೆ ನಿಂತೇ ಇದ್ದೆ, ಅಭ್ಯಾಸ. "ಅಕ್ಕ, ಇಲ್ಲಿ ನಿಮ್ಮನ್ನ ಯಾರೂ ನೋಡ್ತಿಲ್ಲ, ಸಡಿಲ ಬಿಡಿ" ಎಂದರು. ಹಾಗೆ ನನಗೆ ಯಾರೂ ಹೇಳಿರಲಿಲ್ಲ. ಎರಡು ವರ್ಷ ಬಿಟ್ಟು ಅವರನ್ನೇ ಮದುವೆಯಾದೆ. ನಗಿ, ನಗಿ. ಅಕ್ಕ ಅಂದವರನ್ನೇ ಕಟ್ಟಿಕೊಂಡಳು ಎಂದು ನಮ್ಮ ಚಿಕ್ಕಮ್ಮ ಇವತ್ತಿಗೂ ನಗುತ್ತಾರೆ.

ಅವರು ಇಲ್ಲೇ ಇದ್ದಾರೆ, ಹಿಂದಿನ ಬಾಗಿಲ ಹತ್ತಿರ. ತಿರುಗಿ ನೋಡಬೇಡಿ, ನಾಚಿಕೊಳ್ಳುತ್ತಾರೆ. ಈಗ ನಾನು ಹೇಳುವುದಕ್ಕೆ ಇನ್ನೂ ನಾಚಿಕೊಳ್ಳಬೇಕಾಗುತ್ತದೆ.

ಇದನ್ನು ಹೇಳಬಾರದು ಎಂದೇ ಆ ಚೀಟಿ ಓದಲು ಒಪ್ಪಿದ್ದೆ. ಅವರ ಕೆಲಸಕ್ಕೆ ನನ್ನಿಂದ ಕುತ್ತು ಬರಬಾರದು ಎಂದು. ಆದರೆ ನನ್ನ ಮಾತನ್ನು ನನ್ನ ಮುಂದೆಯೇ ಓದಿ ಚಪ್ಪಾಳೆ ಹೊಡೆಸಿಕೊಂಡ ಮೇಲೆ ಇನ್ನು ಯಾತರ ಮುಚ್ಚುಮರೆ?

ನಮೂನೆಗಳು ಮುನ್ನೂರಕ್ಕೂ ಮಿಕ್ಕಿ ಬಂದಿದ್ದವು. ಕಚೇರಿಯವರಿಗೆ ನಮ್ಮ ಭಾಷೆ ತಿಳಿಯಲಿಲ್ಲ. ಕತ್ತು ಕಿತ್ತು ಬಂತು ಅಂದರೆ ಬೈದದ್ದೋ ಹೊಗಳಿದ್ದೋ? ಯಾರನ್ನು ಕೇಳುವುದು? ಇಪ್ಪತ್ತೆರಡು ವರ್ಷದಿಂದ ಸವಾರರು ಕೂಗಿಕೊಂಡು ಇಳಿಯುವುದನ್ನು ಕೇಳಿದ ಆಪರೇಟರನ್ನೇ ಕರೆದು, ಹೊಗಳಿಕೆ ಒಂದು ಗುಡ್ಡೆ, ದೂರು ಒಂದು ಗುಡ್ಡೆ ಮಾಡಿಕೊಡು ಎಂದರು. ನಮ್ಮ ಮನೆಯವರು ಮಾಡಿಕೊಟ್ಟರು. ನರ್ಸಮ್ಮನ ಕತ್ತು ಹೊಗಳಿಕೆಗೆ ಹೋಯಿತು. ಕ್ಷೌರದಂಗಡಿಯ ಅಣ್ಣ ಸತ್ತದ್ದು ಹೊಗಳಿಕೆಗೆ ಹೋಯಿತು. ಮುನ್ನೂರರಲ್ಲಿ ದೂರಿನ ಗುಡ್ಡೆಗೆ ಬಿದ್ದದ್ದು ಹನ್ನೊಂದೇ ಕಾಗದ. ಅವುಗಳಲ್ಲಿ ಹತ್ತು, ಜೀವನದಲ್ಲಿ ಒಂದೇ ಸಲ ಹತ್ತಿ ಅತ್ತುಕೊಂಡು ಇಳಿದವರದು. ನಮ್ಮ ಬಳಗದ್ದು ಒಂದೇ ಒಂದು. ನನ್ನದು.

ಹನ್ನೊಂದು ಕಾಗದ, ವ್ಯವಸ್ಥಾಪಕರೇ! ಆ ದೊಡ್ಡ ಗುಡ್ಡೆಯಿಂದ ಒಂದು ಸಾಲನ್ನೂ ನೀವು ಇಲ್ಲಿ ಓದಲಿಲ್ಲ. ಯಾಕೆ ಓದಲಿಲ್ಲ?

ನಿಜವಾದ ಕಾರಣ ನನಗೆ ಗೊತ್ತು, ನಿಮಗೂ ಗೊತ್ತು. ನಿಂತಬಂಡಿಯಲ್ಲಿ ಒಬ್ಬೊಬ್ಬರ ಎತ್ತರಕ್ಕೂ ದಿಂಡು ಏರಿಸಬೇಕು, ಇಳಿಸಬೇಕು, ಒಬ್ಬೊಬ್ಬರನ್ನೂ ಮುಟ್ಟಿ ನೋಡಬೇಕು. ಅದಕ್ಕೆ ನಾಲ್ಕು ಜನ ಬೇಕು, ಹೊತ್ತು ಹಿಡಿಯುತ್ತದೆ. ಕೂರುವ ಬಂಡಿಗಾದರೆ ಇಬ್ಬರು ಸಾಕು. ಎಲ್ಲರ ತೊಡೆಯ ಮೇಲೆ ಒಂದೇ ಸಲ ಸರಳು ಎಳೆದರೆ ಮುಗಿಯಿತು. ಅದನ್ನೇ ಹೇಳಿ! ಬಾಯಿಬಿಟ್ಟು ಹೇಳಿ, "ಜನ ಕಡಿಮೆ ಮಾಡ್ತಿದ್ದೀವಿ, ಸಾಲು ಬೇಗ ಸಾಗಬೇಕು" ಅಂತ. ನಾವು ಜಗಳ ಆಡುತ್ತೇವೆ, ಸೋಲುತ್ತೇವೆ, ಮನೆಗೆ ಹೋಗುತ್ತೇವೆ. ಬಟ್ಟೆಯಂಗಡಿಯಲ್ಲಿ ಗೋಗರೆದು ಕೇಳಿದರೂ ಸಿಗದ ಆಸನವನ್ನು ಇಲ್ಲಿ ಯಾರೂ ಕೇಳದೆ ತಂದಿಟ್ಟು, ನನ್ನ ಮಂಡಿಗೆ ಮರುಗಿ ಮಾಡಿದೆವು ಎನ್ನುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ? ಅದಕ್ಕೊಂದು ಹೆಸರು ಬೇರೆ, ಸುಖಯಾನ! ಸುಖ ಬೇಕಾದವರು ಮನೆಯಲ್ಲಿ ಮಲಗುತ್ತಾರೆ, ಇಲ್ಲಿಗೆ ಯಾಕೆ ಬರುತ್ತಾರೆ?

ಹಳಿ ಆಗಲೇ ಅರ್ಧ ಬಿಚ್ಚಿದ್ದೀರಿ. ಬಂಡಿ ಉಳಿಸಿ ಎಂದು ನಾನು ಕೇಳುವುದಿಲ್ಲ. ಒಂದೇ ಬೇಡಿಕೆ. ಹೊರಗೆ ಬೇಲಿಗೆ ಹಾಕಿದ ಬೋರ್ಡಿನಲ್ಲಿ "ಸವಾರರ ಕೋರಿಕೆಯ ಮೇರೆಗೆ" ಎಂಬ ಸಾಲಿದೆಯಲ್ಲ, ಅದನ್ನು ಅಳಿಸಿ. ಇವತ್ತೇ ಅಳಿಸಿ. ಬಣ್ಣದ ಡಬ್ಬಿ ಇಲ್ಲದಿದ್ದರೆ ನಾನು ತರುತ್ತೇನೆ.

ಇನ್ನು ನಮ್ಮ ಮನೆಯವರ ವಿಚಾರ. ಮುಗಿಸುತ್ತೇನೆ, ಅಧ್ಯಕ್ಷರೇ, ಗಂಟೆ ಬಾರಿಸಬೇಡಿ.

ನನ್ನ ಕಾಗದ ದೂರಿನ ಗುಡ್ಡೆಯಲ್ಲಿತ್ತು ಎಂದು ನನಗೆ ಹೇಳಿದ್ದು ಕಚೇರಿಯ ಟೈಪಿಸ್ಟ್. ಎರಡು ವಾರವಾಯಿತು. ಅವತ್ತೇ ಅಡುಗೆಮನೆಯಲ್ಲಿ ನಿಂತು ಕೇಳಿದೆ. "ನನ್ನ ಅಕ್ಷರ ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು."

"ಕೊಂದುಬಿಡ್ತು ಅಂದ್ರೇನು ಅಂತ ಗೊತ್ತಿಲ್ವಾ ನಿಮಗೆ? ಬಂಡಿ ಉಳೀಬೇಕು ಅಂತ ಬರೆದದ್ದು ಅದು!"

ಅವರು ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. "ಬೇರೆಯವರನ್ನೆಲ್ಲ ನಾನು ಬಂಡಿಯಿಂದ ಇಳಿಯುವಾಗ ನೋಡ್ತೀನಿ. ನಿನ್ನನ್ನ ಮನೇಲಿ ನೋಡ್ತೀನಿ" ಎಂದರು.

ಅವತ್ತಿಂದ ನಮ್ಮಿಬ್ಬರಿಗೆ ಮಾತಿಲ್ಲ. ಉಪ್ಪು ಬೇಕಾದರೂ ಎದ್ದು ಹೋಗಿ ತಗೊಳ್ಳುತ್ತೇವೆ.

ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅವರು ಕೆಲಸ ಉಳಿಸಿಕೊಳ್ಳಲು ಹಾಗೆ ಮಾಡಿದರು ಎಂದು ತಂಗಿಗೆ ಫೋನು ಮಾಡಿ ಹೇಳಿದೆ. ಅದು ಸುಳ್ಳು. ಉಳಿಯುವ ಇಬ್ಬರು ಯಾರು ಎಂದು ಇನ್ನೂ ತೀರ್ಮಾನವೇ ಆಗಿಲ್ಲ, ಅವರ ಕೆಲಸ ಹೋಗಲೂಬಹುದು. ನಿಜ ಏನೆಂದರೆ, ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗುವಾಗ ನಾನು ಗೋಡೆ ಹಿಡಿಯುತ್ತೇನೆ. ಎರಡು ದಿನ ಎಂದು ಬರೆದದ್ದೂ ಸುಳ್ಳು, ವರ್ಷವಾಯಿತು. ಬಳಗದವರೇ, ಕ್ಷಮಿಸಿ, ನಿಮ್ಮ ಜೊತೆ ನಕ್ಕುಕೊಂಡು ಕುಂಟಿದ್ದರಲ್ಲಿ ಅರ್ಧ ಮಾತ್ರ ನಗು. ಎಲ್ಲರೂ ತಮಾಷೆ ಎಂದು ಓದುವ ಸಾಲನ್ನು ಒಬ್ಬರು ಮಾತ್ರ ಬರೆದಂತೆಯೇ ಓದಿದರು.

ಹಾಗಂತ ನನ್ನ ಸಿಟ್ಟು ಇಳಿದಿಲ್ಲ. ರೀ, ಕೇಳಿಸ್ತಿದೆಯಾ? ಬಾಗಿಲ ಮರೆಗೆ ಹೋಗಬೇಡಿ. ನೀವು ಸರಿಯಾಗಿಯೇ ಓದಿದಿರಿ. ಆದರೆ ಅದನ್ನು ತಗೊಂಡು ನನ್ನ ಹತ್ತಿರ ಬರಬೇಕಿತ್ತು, ಇವರ ಹತ್ತಿರ ಅಲ್ಲ. ಹತ್ತೊಂಬತ್ತು ವರ್ಷದಲ್ಲಿ ನನ್ನ ನೋವನ್ನು ನೋವು ಅಂತ ಓದಿದವರು ನೀವೊಬ್ಬರೇ, ಓದಿ ಇನ್ನೊಬ್ಬರ ಕೈಗೆ ಕೊಟ್ಟುಬಿಟ್ಟಿರಿ. ಅದಕ್ಕೆ ನನಗೆ ಇವತ್ತೂ ಸಿಟ್ಟಿದೆ, ನಾಳೆಯೂ ಇರುತ್ತೆ. ಸೋಮವಾರ ಹನ್ನೊಂದಕ್ಕೆ ಮೂಳೆ ಡಾಕ್ಟರ ಹತ್ತಿರ ಸಮಯ ತಗೊಂಡಿದ್ದೀನಿ. ನೀವೂ ಬರಬೇಕು. ಬಂದು ಪಕ್ಕದಲ್ಲಿ ಸುಮ್ಮನೆ ಕೂತಿರಬೇಕು. ಎಲ್ಲಿ ನೋಯುತ್ತೆ, ಎಷ್ಟು ನೋಯುತ್ತೆ ಅಂತ ಈ ಸಲ ನಾನೇ ಹೇಳ್ತೀನಿ, ನಗದೆ ಹೇಳ್ತೀನಿ.

ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.