ಆರನೇ ರೀಲಿನ ಬೀಸುಕಲ್ಲು

ಇಲ್ಲರಿ ವಕೀಲರ, ಆ ರೀಲು ತೆಗಿಯಾಕ ಬರೂದಿಲ್ಲ. ನೀವು ಕಾಯ್ದೆ ಓದಿದವ್ರು, ನಾ ಹತ್ತನೇದ್ರಾಗ ಗಣಿತದ ಕಟ್ಟಿ ಎಡವಿ ಬಿದ್ದಾಂವ. ಆದ್ರೂ ಹೇಳತೇನಿ, ಬರೂದಿಲ್ಲ. "ಒಬ್ಬಾಕಿ ಮುದಕಿ ಹತ್ತು ನಿಮಿಷ ಕಲ್ಲು ಬೀಸೂದನ್ನ ಏನು ನೋಡೂದು? ಅದನ್ನ ತಗದ್ರ ಸಿನಿಮಾ ಚುರುಕಾಗತೈತಿ, ನಮ್ಮ ಮಂದಿಗೆ ನಿಧಾನಾ ತಿಳಿಯಂಗಿಲ್ಲ" ಅಂತ ಇದೇ ಮೈಕಿನ ಮುಂದ ನಿಂತು ಹೇಳಿದ್ರಿ. ಮಂದೀನೂ ಚಪ್ಪಾಳಿ ಹೊಡದ್ರು. ನೀವು ಹಾರಾ ಹಾಕಿಸಿಕೊಂಡು, ಬೈಲಹೊಂಗಲದಾಗ ಇನ್ನೊಂದು ಸಭಾ ಐತಿ ಅಂತ ಕಾರು ಹತ್ತಿ ಹೋಗಿಬಿಟ್ರಿ. ಕೇಳಾಂವ ಹೋದಾ ಅಂತ ಉತ್ತರಾ ನುಂಗಾಕ ಬರತೈತೇನ್ರಿ?

ತಪ್ಪಾತು. ಮೊದಲು ಹೇಳೂದನ್ನ ಮೊದಲು ಹೇಳಬೇಕಾಗಿತ್ತು.

ಈ ಸನ್ಮಾನ ಸಮಾರಂಭದ ಅಧ್ಯಕ್ಷತೆಯನ್ನು ವಹಿಸಿರುವ, ನಮ್ಮ ಟಾಕೀಜಿನ ಮಾಲಕರಾದ ಶ್ರೀಮಾನ್ ಶಂಕರೆಪ್ಪನವರೇ, ಮಾತನಾಡಿ ಹೋಗಿರುವ ಮುಖ್ಯ ಅತಿಥಿಗಳಾದ ವಕೀಲ ಮಲಕಾಜಪ್ಪನವರೇ, ವೇದಿಕೆಯ ಮೇಲಿನ ಹಿರಿಯರೇ, ನೆಲದ ಮೇಲೆ, ಬೆಂಚಿನ ಮೇಲೆ, ಖುರ್ಚಿಯ ಮೇಲೆ ಕುಳಿತಿರುವ ಸಭಿಕರೇ, ಅಡ್ಡಗೋಡೆಯ ಆಚೆ ಕುಳಿತಿರುವ ತಾಯಂದಿರೇ. ತಾಯಂದಿರಿಗೆ ಎರಡು ಸಲ ಕೈ ಮುಗೀತೇನಿ. ಎರಡು ಸಲ ಯಾಕ ಅನ್ನೂದನ್ನ ಹೇಳಾಕನ ನಿಂತೇನಿ.

ಸವದತ್ತಿಯಂಥಾ ಊರಾಗ ಒಂದು ಸಿನಿಮಾ ಇಪ್ಪತ್ತೈದು ದಿನಾ ಓಡೂದಂದ್ರ ಸಣ್ಣ ಮಾತಲ್ಲ. ಅದಕ್ಕ ಮಾಲಕರಿಗೆ ಪೇಟಾ, ಆಪರೇಟರ್ ಆದ ನನಗ ಶಾಲು. ಇದು ಮುಗಿದ ಕೂಡ್ಲೆ ಮ್ಯಾಟಿನಿ, ಅದ ಕಡೀ ಆಟ. ನಾಳೆ ಮುಂಜಾನೆ ಡಬ್ಬಿ ರಾಮದುರ್ಗದ ಮೋಟರ್ ಹತ್ತತೈತಿ. ನಾ ಮೈಕಿನ ಕಡೆ ಬರೂದ್ರಾಗ ಮಾಲಕರು ಕೈ ಹಿಡದು ಕಿವಿಯಾಗ ಹೇಳಿದ್ರು. "ಬಾಳು, ಸನ್ಮಾನದಾಗ ಹೊತ್ತಾತು. ವಕೀಲರು ಅಂದದ್ದು ಬರೋಬರಿ ಐತಿ. ಆರನೇ ರೀಲು ಬಿಡು, ಐದರ ಮ್ಯಾಲೆ ಏಳು ಹಾಕಿಬಿಡು." ಆರು ವರ್ಷದಾಗ ಮಾಲಕರ ಮಾತು ನಾ ಒಂದು ಸಲಾನೂ ಮೀರಿಲ್ಲ. ಇವತ್ತು ಮೀರಬೇಕಾಗೇತಿ. ಕಳ್ಳನಂಗ ಮೀರೂದಕ್ಕಿಂತ ಎಲ್ಲಾರ ಮುಂದ ಹೇಳಿ ಮೀರೂದು ಚಲೋ ಅಲ್ಲೇನ್ರಿ?

ಮೊದಲನೇ ದಿನಾ ನೆನಪೈತೇನು ನಿಮಗ? ದೆವ್ವದ ಸಿನಿಮಾ, ಪೋಸ್ಟರಿನ ಮ್ಯಾಲೆ ಇಷ್ಟುದ್ದ ಹಲ್ಲು! ಜಟಕಾಕ್ಕ ಮೈಕು ಕಟ್ಟಿಗೊಂಡು ನಾನ ಒದರಿದ್ದೆ, "ಎದಿ ಗಟ್ಟಿ ಇದ್ದವ್ರು ಅಷ್ಟ ಬರ್ರಿ!" ಅಂತ. ಎದಿ ಗಟ್ಟಿ ಇದ್ದವ್ರೆಲ್ಲಾ ಬಂದ್ರು. ಬಂದು ಆಕಳಿಸಿದ್ರು.

ಆಕಳಿಸದ ಏನು ಮಾಡ್ಯಾರು? ಇನ್ನೂರು ವರ್ಷದ ಹಿಂದಿನ ದೇಸಾಯರ ವಾಡೆ. ಲಗ್ನಾಗಿ ಬಂದ ಹೊಸಾ ಸೊಸಿ. ಕೈಯಾಗ ದೀಪಾ ಹಿಡಕೊಂಡು ಪಡಸಾಲಿ ದಾಟತಾಳ, ಕಂಬಾ ನೋಡತಾಳ, ಅಟ್ಟಾ ನೋಡತಾಳ. ಹಾಡಿಲ್ಲ, ಹೊಡದಾಟಿಲ್ಲ. ಐದು ರೀಲು ಆದ್ರೂ ದೆವ್ವದ ಸೆರಗಿನ ಚುಂಗೂ ಇಲ್ಲ. ಆರನೇ ರೀಲಿಗೆ ಸೊಸಿಗೆ ನಸಿಕಿನ್ಯಾಗ ಎಚ್ಚರಾಗತೈತಿ. ಅಡಗಿ ಮನ್ಯಾಗ ಒಬ್ಬಾಕಿ ಮುದಕಿ ಗ್ವಾಡಿ ಕಡೆ ಮುಖಾ ಮಾಡಿ ಕಲ್ಲು ಬೀಸಾಕ ಹತ್ತಿರತಾಳ. ಮುಖಾ ಕಾಣಂಗಿಲ್ಲ. ಬೆನ್ನು, ಬಳಿ ಇಲ್ಲದ ಕೈ, ಕಲ್ಲು. ಹತ್ತು ನಿಮಿಷ ಅಷ್ಟ.

ಶುರುವಾತು ನೋಡ್ರಿ ನೆಲದಾಗಿಂದ. "ಏ ಮುದಕಿ, ಹಿಟ್ಟು ಸಾಕ, ರೊಟ್ಟಿ ಬಡಿ!" "ನಮಗೂ ಎರಡು ಹಾಕಬೇ, ಬೆಣ್ಣಿ ಹಚ್ಚಿ!" "ಏ ಆಪರೇಟರ್, ನಿದ್ದಿ ಹತ್ತೇತೇನಲೇ?" ಒಂದು ಚಪ್ಪಲಿ ಬಂದು ಪರದೇಕ್ಕ ಬಡೀತು. ಎಡಗಾಲಿಂದು. ಬಲಗಾಲಿಂದು ಮರುದಿನಾ ಬಂತು. ಅಂದ್ರ ಬೈಕೋತ ಹೋದ ಮನಷಾ ಎರಡನೇ ದಿನಾನೂ ಬಂದಿದ್ದಾ! ನಗಬ್ಯಾಡ್ರಿ, ಅಂವಾ ಇಲ್ಲೇ ಎರಡನೇ ಬೆಂಚಿನ ಮ್ಯಾಲೆ ಕುಂತಾನ, ಹೆಸರು ಹೇಳಂಗಿಲ್ಲ.

ನಮ್ಮ ಕ್ಯಾಬಿನ್ನಿನ ಕಿಂಡಿಯಾಗಿಂದ ನೋಡಿದ್ರ ಗಂಡಸರ ತಲಿ ಅಷ್ಟ ಕಾಣತಾವು. ಹೆಂಗಸರು ಕುಂದ್ರೂ ಜಾಗಾ ಅಡ್ಡಗ್ವಾಡಿ ಮರಿಗೆ ಐತಿ. ಸಿಳ್ಳೆ ಹೊಡದವ್ರನ್ನ ನಾ ಮಂದಿ ಅಂತ ತಿಳದೆ. ಸುಮ್ಮನಿದ್ದವರ ಕಡೆ ಲಕ್ಷ್ಯ ಹೋಗಲಿಲ್ಲ. ಎರಡನೇ ದಿನಾ ಮ್ಯಾಟಿನಿಗೆ ಯಾರನ್ನೂ ಕೇಳಲಾರದ ಆರನೇ ರೀಲು ಬಿಟ್ಟೆ. ಮಾಲಕರ, ಇದನ್ನ ನಿಮಗ ಇವತ್ತಿನ ತನಕ ಹೇಳಿಲ್ಲ. ಇಪ್ಪತ್ತೈದು ದಿನಾ ಓಡಿಸಿದ ಆಪರೇಟರ್ ಅಂತ ಶಾಲು ಹೊದಿಸಿದ್ರಿ. ಅದ್ರಾಗ ನಾಕು ದಿನಾ ನಾ ಅರ್ಧಾ ಕೊಂದ ಸಿನಿಮಾ ಓಡಿಸೇನಿ.

ಏನಾತು ಆಗ? ಚುರುಕಾತೇನು? ದೆವ್ವ ಲಗೂ ಬಂತು, ಮಂದಿ ಲಗೂ ನಕ್ಕರು. "ಬಾರಬೇ ಅಜ್ಜಿ, ಎಲಿ ಅಡಿಕಿ ಹಾಕ್ಕೋ!" ಅಂತ ದೆವ್ವಕ್ಕ ಕರದ್ರು. ಹೆಂಗಸರ ಕಡೆ ದಿನಾ ದಿನಾ ಜಾಗಾ ಖಾಲಿ. ಐದನೇ ದಿನಾ ಗೇಟಿನಾಂವ ಎಣಿಸಿ ಹೇಳಿದಾ, ಹನ್ನೊಂದು ಮಂದಿ.

ಆ ಹನ್ನೊಂದರಾಗ ಒಬ್ಬಾಕಿ ನಮ್ಮ ಓಣಿ ಕಾಡವ್ವ ಆಯಿ. ಎಪ್ಪತ್ತು ವರ್ಷದಾಕಿ. ಆಟ ಬಿಟ್ಟ ಮ್ಯಾಲೆ ಆ ಕಬ್ಬಿಣದ ಪಾವಟಿಗಿ ಹತ್ತಿ ಕ್ಯಾಬಿನ್ನಿಗೇ ಬಂದ್ಲು.

"ಏ ಬಾಳ್ಯಾ, ಕಲ್ಲು ಎಲ್ಲೈತೋ?"

"ಯಾವ ಕಲ್ಲು ಆಯಿ?"

"ಬೀಸೂ ಕಲ್ಲು! ಅದನ್ನ ತೋರಸ್ತೇನಿ ನಡಿ ಅಂತ ನಮ್ಮ ನೆಗೆಣ್ಣಿನ್ನ ಹೂಲಿಯಿಂದ ಕರಕೊಂಡು ಬಂದೇನಿ. ಮೊದಲನೇ ದಿನಾ ಇತ್ತು, ಇವತ್ತಿಲ್ಲ. ನೀ ನುಂಗಿದೇನು?"

"ಆಯಿ, ಅದ್ರಾಗ ಏನೂ ಆಗಂಗಿಲ್ಲಲ್ಲ. ಮುದಕಿ ಬೀಸತಾಳ, ಅಷ್ಟ."

"ಏನೂ ಆಗಂಗಿಲ್ಲ? ಕಿವಿಯಾಗ ಏನು ಹತ್ತಿ ಇಟಗೊಂಡಿಯೇನು? ಕಾಳು ಹಾಕಿದ ಕಲ್ಲು ಗುರುಗುರು ಅಂತೈತಿ, ಹಾಲು ಕುಡದ ಬೆಕ್ಕಿನಂಗ. ಅದು ಕರಕರ ಅಂತಿತ್ತು. ಕಲ್ಲಿಗೆ ಕಲ್ಲು. ಕಾಳಿಲ್ಲೋ ಅದ್ರಾಗ! ಆಕಿ ಖಾಲಿ ಕಲ್ಲು ತಿರುವಾಕ ಹತ್ತಿದ್ಲು. ಖಾಲಿ ತೊಟ್ಟಲಾ ತೂಗಬಾರದು, ಖಾಲಿ ಕಲ್ಲು ತಿರುವಬಾರದು. ನಾವು ಇತ್ತಾಗ ಸೆರಗು ಬಾಯಾಗ ತುರುಕ್ಕೊಂಡು ಕುಂತೇವಿ, ನೀವು ಅತ್ತಾಗ ರೊಟ್ಟಿ ಬಡಿ ಅಂದ್ರಿ!"

ಈಗ ವಿಚಾರಾ ಮಾಡ್ರಿ ಸಭಿಕರೇ. ಆ ವಾಡೆದವ್ರು ತಮ್ಮ ಮನಿ ವಿಧವಿಗೆ, ಅದ ಬೀಸೂ ಮುದಕಿಗೆ, ಒಂದು ಮುಟಗಿ ಕಾಳು ಕೊಡಲಾರದ, ಊರಾಗ ತಮ್ಮ ಮರ್ಯಾದಿ ಉಳೀಲಿ ಅಂತ ದಿನಾ ನಸಿಕಿನ್ಯಾಗ ಖಾಲಿ ಕಲ್ಲು ತಿರುವಿಸಿ, ಉಪವಾಸ ಕೊಂದ್ರು ಅನ್ನೂದು ಗಂಡಸರಿಗೆ ಯಾವಾಗ ತಿಳೀತು? ಹದಿನಾಲ್ಕನೇ ರೀಲಿಗೆ. ಹೆಂಗಸರಿಗೆ? ಆರನೇದಕ್ಕ! ಎಂಟು ರೀಲು ಹಿಂದ ಇದ್ದೇವ್ರಿ ನಾವು! ನಿಧಾನಾ ತಿಳಿಯಂಗಿಲ್ಲ ಅಂದ್ರಲ್ಲ ವಕೀಲರ, ಯಾರಿಗೆ ತಿಳಿಯಂಗಿಲ್ಲ?

ಮರುದಿನಾ ರೀಲು ತಿರುಗಿ ಹಾಕಿದೆ. ಅವತ್ತು ಇದ್ದವ್ರು ಕೈ ಎತ್ತರಿ. ಅಬ್ಬಬ್ಬಾ! ಕಲ್ಲು ತಿರುಗಾಕ ಹತ್ತಿತು. ನೆಲದಾಗ ಒಬ್ಬಾಂವ ಸಿಳ್ಳೆ ಹೊಡಿಯಾಕ ಬಾಯಾಗ ಬೆರಳು ಇಟ್ಟಿದ್ದಾ. ಗ್ವಾಡಿ ಆಚೆಯಿಂದ ಒಂದು ದನಿ ಬಂತು, ಜೋರಲ್ಲ, ಮಗ್ಗಲದಾಕಿಗೆ ಹೇಳಿದಂಗ: "ಕಲ್ಲಾಗ ಕಾಳಿಲ್ಲವ್ವಾ..." ಅಷ್ಟ. ಇಡೀ ಟಾಕೀಜು ಕಿವಿ ನಿಗರಿಸಿತು. ಕರಕರ, ಕರಕರ. ಸಿಳ್ಳೆಯಾಂವ ಬೆರಳು ತಗೀಲಿಲ್ಲ, ಊದಲಿಲ್ಲ, ರೀಲು ಮುಗಿಯೂ ತನಕ ಹಂಗ ಕುಂತಾ.

ಆಮ್ಯಾಲಿನ ಕತಿ ನಿಮಗ ಗೊತ್ತೈತಿ. ಹೂಲಿ ಗಾಡಿ, ಮನೋಳಿ ಗಾಡಿ, ಎತ್ತು ಕಟ್ಟಾಕ ಜಾಗಾ ಇಲ್ಲ. ಗರಡಿಮನಿ ಪೈಲವಾನರು ಇಂಟರವಲ್ಲಿನ್ಯಾಗ ಹಿತ್ತಲಕ್ಕ ಹೋಗಬೇಕಂದ್ರ ನಾಕು ನಾಕು ಮಂದಿ ಜೋಡಿ ಆಗಿ ಹೋದ್ರು. ಗಿರಣಿ ಹಣಮಂತಪ್ಪ ನನ್ನ ಜೋಡಿ ಜಗಳಕ್ಕ ಬಂದಾ. "ಏನು ಸಿನಿಮಾ ತಂದೀಯೋ ಮಾರಾಯಾ! ಮುಂಜಾನೆ ಗಿರಣಿ ಚಾಲೂ ಮಾಡಾಕ ಹೊಂಟ್ರ ಹೆಂಗಸ್ರೆಲ್ಲಾ, ಮೊದಲು ಕಾಳು ಹಾಕು, ಕಾಳು ಹಾಕು ಅಂತ ಚೀರತಾರ!" ಅಂದಾ. ಮುಂದ ಗಂಡಸರೂ ಆ ಒಂದು ಮಾತಿಗೆ ಕಾಯಾಕ ಹತ್ತಿದ್ರು. ಪ್ರತಿ ಆಟಕ್ಕ ಗ್ವಾಡಿ ಆಚೆ ಬ್ಯಾರೆ ಬ್ಯಾರೆ ಊರಿನ ಬ್ಯಾರೆ ಬ್ಯಾರೆ ತಾಯಿ, ಮಾತು ಮಾತ್ರ ಅದ. ಯಾರು ಕಲಿಸಿದ್ರು ಅವರಿಗೆ? ಯಾವ ಸಾಲಿ?

ಇನ್ನೊಂದು ಮಾತು. ನಾ ಆ ರೀಲು ಯಾಕ ತಗದೆ? ಮಂದಿ ಸಿಳ್ಳೆ ಹೊಡದ್ರಂತ. ಕಾಡವ್ವ ಆಯಿಗೂ ಹಂಗ ಹೇಳಿದೆ. ಆಯಿ ಪಾವಟಿಗಿ ಇಳಿಯಾಕ ಹೋದಾಕಿ ತಿರುಗಿ ನಿಂತು, "ಬ್ಯಾರೇದವ್ರ ಕಿವಿಗೆ ಗೊತ್ತಾಗಲಿಲ್ಲಂದ್ರ ನಂಬತೇನಿ, ನೀ ರಾಯವ್ವನ ಮಗಾ ಅಲ್ಲೇನೋ?" ಅಂದ್ಲು. ನಾ ಮಶೀನು ಒರಸಾಕ ಹತ್ತಿದೆ. ಒರಸಿದ್ದನ್ನ ಒರಸಿದೆ.

ನಾ ಸಣ್ಣಾಂವ ಇದ್ದಾಗ ನಮ್ಮಪ್ಪ ಎಂ.ಕೆ. ಹುಬ್ಬಳ್ಳಿ ಕಡೆ ಗಾಣದ ಕೆಲಸಕ್ಕಂತ ಹೋದಾಂವ ಹೊಳ್ಳಿ ಬರಲಿಲ್ಲ. ಆಗ ಓಣ್ಯಾಗ ಗಿರಣಿ ಇರಲಿಲ್ಲ. ನಮ್ಮವ್ವ ನಸಿಕಿನ್ಯಾಗ ಎದ್ದು ಕಲ್ಲಿಗೆ ಕುಂದರತಿದ್ಲು, ನಾ ಆಕಿ ತೊಡಿ ಮ್ಯಾಲೆ ತಲಿ ಇಟ್ಟು ಮಲಗತಿದ್ದೆ. ಒಂದೊಂದು ದಿನಾ ಗುರುಗುರು. ಒಂದೊಂದು ದಿನಾ... "ಅವ್ವಾ, ಹಿಟ್ಟು ಬರವಲ್ದಲ್ಲ" ಅಂದೆ ಒಮ್ಮೆ. "ಸುಮ್ನ ಮಲಗು. ಓಣ್ಯಾಗಿನವ್ರು ಕೇಳಲಿ" ಅಂದ್ಲು. ರಾಯವ್ವನ ಮನ್ಯಾಗ ಇವತ್ತೂ ಕಲ್ಲು ತಿರಿಗಿತು ಅನ್ನಲಿ ಅಂತ.

ಆಮ್ಯಾಲೆ ಎರಡು ದಿನಕ್ಕ ಕಾಡವ್ವ ಆಯಿ ಒಂದು ಬುಟ್ಟಿ ಜ್ವಾಳಾ ಹೊತಗೊಂಡು ಬಂದ್ಲು. "ರಾಯವ್ವಾ, ನಮ್ಮ ಕಲ್ಲು ಸವದೈತಿ, ನಿಂದು ನುಣ್ಣಗ ಬೀಸತೈತಿ. ಬೀಸಿಕೊಡು, ಅರ್ಧಾ ನೀ ಇಟಗೋ." ಮರುವಾರ ಇನ್ನೊಬ್ಬಾಕಿ ಬಂದ್ಲು. ನನಗ ಭಾರಿ ಅಭಿಮಾನಾ! ಇಡೀ ಊರಾಗ ನಮ್ಮ ಕಲ್ಲಿನಂಥಾ ಕಲ್ಲಿಲ್ಲ ಅಂತ ಸಾಲ್ಯಾಗ ಹೇಳಿಕೋತ ತಿರಿಗೇನಿ. ಕಾಡವ್ವ ಆಯಿ ಕಲ್ಲು ಸವದಿರಲಿಲ್ಲರಿ. ಓಣಿಗೆ ಓಣೀನ ಕೇಳಿಸಿಕೊಂಡಿತ್ತು. ಒಬ್ಬಾಕೀನೂ ಬಾಯಿ ಬಿಟ್ಟು ಆಡಲಿಲ್ಲ.

ಇದನ್ನ ಹೇಳಬೇಕಂತ ನಾ ಬಂದಿರಲಿಲ್ಲ. ಸಿಳ್ಳೆಗೆ ಹೆದರಿ ರೀಲು ತಗದೆ ಅಂತ ನನಗೂ ನಾ ಹೇಳಿಕೊಂಡಿದ್ದೆ. ಸಿಳ್ಳೆಗೆ ಹೆದರೂ ಆಪರೇಟರ್ ಎಲ್ಲೆರ ಇರತಾನೇನು?

ಮೂರು ದಿನದ ಹಿಂದ ನಳದ ಕಡೆ ಕಾಡವ್ವ ಆಯಿ ನಮ್ಮವ್ವಗ ಎಲ್ಲಾ ಹೇಳ್ಯಾಳ. ಜನ್ಮದಾಗ ಸಿನಿಮಾ ನೋಡದಾಕಿ ಮನಿಗೆ ಬಂದು, "ಬಾಳೂ, ಆ ಕಲ್ಲಿನ ತುಂಡು ನನಗ ತೋರಸು" ಅಂದ್ಲು.

"ಬ್ಯಾಡ ಬಿಡವ್ವಾ, ಅದೇನು ನೋಡತಿ."

"ಬ್ಯಾರೇದಾಕೀನೂ ತಿರುವ್ಯಾಳಂದ್ರ ನೋಡಬೇಕಲ್ಲೋ. ಇಷ್ಟು ವರ್ಷಾ ನಾ ಒಬ್ಬಾಕಿನ ಅಂದ್ಕೊಂಡಿದ್ದೆ."

ಇವತ್ತು ಅಮಾಸಿ, ಆಕಿ ದುಡಿಯೂ ಹತ್ತಿ ಜಿನ್ನಿಗೆ ಸೂಟಿ. ಬಂದು ಗ್ವಾಡಿ ಆಚೆ ಕುಂತಾಳ. ಅವ್ವಾ, ತಲಿ ಎತ್ತು. ಇಲ್ಲಿ ಯಾರೂ ನಗಾಕ ಹತ್ತಿಲ್ಲ ನೋಡು.

ಮಾಲಕರ, ನೀವು ಕೈಗಡಿಯಾರಾ ತೋರಸಾಕ ಹತ್ತೀರಿ, ಕಾಣತೈತಿ. ನಾಪಾಸಾಗಿ ಬಂದು ನಿಂತ ಹುಡುಗಗ ಮಶೀನು ಕಲಿಸಿದವ್ರು ನೀವು, ಆ ಉಪಕಾರ ಮರಿಯಾಂವ ನಾ ಅಲ್ಲ. ಆದ್ರ ಐದರ ಮ್ಯಾಲೆ ಆರು ಹಾಕತೇನಿ. ನಾಳೆಯಿಂದ ಬರಬ್ಯಾಡ ಅಂದ್ರ ಬರಂಗಿಲ್ಲ. ರಾಮದುರ್ಗದಾಗ, ಕಿತ್ತೂರಾಗ ಎಲ್ಲೆರ ಒಂದು ಮಶೀನು ಸಿಗತೈತಿ. ಈ ತಾಯಿ, ಈ ಹತ್ತು ನಿಮಿಷ ತಿರುಗಿ ಸಿಗಂಗಿಲ್ಲ.

ಈ ಸಿನಿಮಾವನ್ನು ಕಿವಿಯಿಂದ ನೋಡಿದ್ದಕ್ಕೆ ಒಂದು ಸಲ, ನಮಗೂ ತೋರಿಸಿದ್ದಕ್ಕೆ ಇನ್ನೊಂದು ಸಲ ತಾಯಂದಿರಿಗೆ, ಬೈದರೂ ಮತ್ತೆ ಮತ್ತೆ ಬಂದ ಅಣ್ಣತಮ್ಮಂದಿರಿಗೆ, ಎರಡೂ ಚಪ್ಪಲಿ ಕೊಟ್ಟ ಮಹನೀಯರಿಗೆ, ಶಾಲು ಹೊದಿಸಿದ ಮಾಲಕರಿಗೆ ನನ್ನ ಅನಂತ ವಂದನೆಗಳು. ಶಾಲು ಈ ಖುರ್ಚಿ ಮ್ಯಾಲೆ ಇಟ್ಟೇನ್ರಿ, ಮಶೀನಿನ ಮಗ್ಗಲಕ ಹೊತ್ಕೊಂಡು ನಿಂತ್ರ ಕಿಡಿ ಹಾರತೈತಿ.

ಮೈಕು ಬಿಟ್ಟೇನಿ. ಹಿಂಗ ಕೇಳಸತೈತಲ್ಲ? ದಾರ್ಯಾಗ ಕುಂತವ್ರು ಸ್ವಲ್ಪ ಕಾಲು ತಗೋರಿ. ಇಲ್ಲ ಮಾಲಕರ, ಕರೀಬ್ಯಾಡ್ರಿ, ಕ್ಯಾಬಿನ್ನಿಗೆ ಒಳಗಿಂದ ಅಗಳಿ ಹಾಕ್ಕೊಂಡಿರತೇನಿ. ಅವ್ವಾ, ಕಾಡವ್ವ ಆಯಿ ಕೈ ಹಿಡಕೊಂಡು ಕುಂದ್ರು. ಹೊರಗಿನ ಬಿಸಲು ಒಳಗ ಬಂದ್ರ ಪರದೆ ಮ್ಯಾಲೆ ಏನೂ ಕಾಣಂಗಿಲ್ಲ. ನಾ ಹೊರಗಿನ ಪಾವಟಿಗಿ ಹತ್ತಿ ಕ್ಯಾಬಿನ್ನಿಗೆ ಹೊಂಟೆ, ಬಾಗಲಾ ಹಾಕತೇನಿ. ನಮಸ್ಕಾರ.